ಉಣ್ಣೆಗೆ ಬೇಲಿ ಗೊತ್ತಿಲ್ಲ: ದನದ ಹಿಂಡಿನ ಪರಾವಲಂಬಿ ರೋಗಗಳು ಯಾಕೆ ರಾಜಕೀಯದ ವಿಷಯ?

ಎರಡು ವರ್ಷದ ಹಿಂದೆ, ಮುಂಗಾರು ಹಿಡಿದ ಹೊತ್ತಲ್ಲಿ, ಊರಲ್ಲಿ ನಮ್ಮ ಮನೆಯ ಎಚ್‌ಎಫ್ ಮಿಶ್ರತಳಿ ಹಸು ಸತ್ತುಹೋಯ್ತು. ಸಾಲ ಮಾಡಿ ತಂದಿದ್ದ ಹಸು. ಮೊದಲ ದಿನ ಜ್ವರ ಬಂತು, ಮೇವು ಬಿಟ್ಟಿತು. ನಮ್ಮ ಕಡೆಯ ಪಶುವೈದ್ಯರ ಮೇಲೆ ಹತ್ತಾರು ಹಳ್ಳಿಗಳ ಹೊಣೆ ಇತ್ತು, ಅವರು ಸಿಗಲಿಲ್ಲ. ಅಮ್ಮ ಔಷಧಿ ಅಂಗಡಿಯಿಂದ ಜ್ವರದ ಇಂಜೆಕ್ಷನ್ ತರಿಸಿ ಹಾಕಿಸಿದರು. ನಾಲ್ಕನೇ ದಿನ ಬಂದ ವೈದ್ಯರು ಹಸುವಿನ ಭುಜದ ಮುಂದಿನ ಗಂಟು ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಒಳಗೆಲ್ಲ ಬಿಳಿಚಿಕೊಂಡಿತ್ತು. ‘ಥೈಲೇರಿಯಾ ಇರಬೇಕು ಕಣಮ್ಮ. ಮೊದಲ ದಿನವೇ ರಕ್ತ ಪರೀಕ್ಷೆ ಆಗಿದ್ರೆ ಉಳೀತಿತ್ತು’ ಅಂದರು. ಮರುದಿನ ಬೆಳಗ್ಗೆ ಹಸು ಇರಲಿಲ್ಲ. ಸಾಲ ಹಾಗೇ ಉಳಿಯಿತು.

ಅದು ಉಣ್ಣೆಯಿಂದ ಬರುವ ರೋಗ. ಮಲೆನಾಡಿನವರು ಉಣುಗು ಅನ್ನುತ್ತಾರಲ್ಲ, ಅದೇ. ಆಮೇಲೆ ನಾನು ಈ ಉಣ್ಣೆ, ಜಂತುಹುಳು, ಗಾಯದ ಹುಳಗಳ ಬಗ್ಗೆ ಓದುತ್ತಾ ಹೋದೆ. ಓದು ನನ್ನನ್ನು ಕರೆದೊಯ್ದದ್ದು ಟೆಕ್ಸಾಸ್‌ಗೆ, ಫ್ಲೋರಿಡಾಗೆ, ಪನಾಮಾಗೆ. ಯಾಕಂದ್ರೆ ಈ ರೋಗಗಳನ್ನು ಹಿಂಡಿನ ಮಟ್ಟದಲ್ಲಿ ತಡೆಯೋದು ಹೇಗೆ ಅನ್ನೋದನ್ನ ಜಗತ್ತು ಬಹುಪಾಲು ಕಲಿತದ್ದು ಮಾಂಸಕ್ಕಾಗಿ ದನ ಸಾಕುವ ನಾಡುಗಳಲ್ಲಿ. ಅಲ್ಲಿನ ಕತೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತೆ: ಇದು ಯಾವತ್ತೂ ಒಬ್ಬ ರೈತನ ಸಮಸ್ಯೆ ಆಗಿರಲಿಲ್ಲ. ದುಡ್ಡು ಯಾರು ಹಾಕ್ತಾರೆ, ಹೊರೆ ಯಾರ ಮೇಲೆ ಬೀಳುತ್ತೆ ಅನ್ನೋದೇ ಎಲ್ಲವನ್ನೂ ತೀರ್ಮಾನಿಸಿದೆ.

ಮೊದಲು, ಯಾರು ಯಾರು?

ಇನ್ನೊಂದು ಜೀವಿಯ ಮೈಮೇಲೋ ಮೈಯೊಳಗೋ ಇದ್ದು, ಅದನ್ನೇ ತಿಂದು ಬದುಕುವ ಜೀವಿ ಪರಾವಲಂಬಿ. ದನಗಳ ವಿಷಯದಲ್ಲಿ ಇವನ್ನು ನಾಲ್ಕು ಗುಂಪಾಗಿ ನೋಡಬಹುದು.

ಒಂದು, ಮೈಮೇಲೆ ಕೂರುವವು: ಉಣ್ಣೆ, ಹೇನು, ಕಜ್ಜಿ ತರುವ ನುಸಿ. ರಕ್ತ ಹೀರುವುದಷ್ಟೇ ಅಲ್ಲ, ಉಣ್ಣೆ ರೋಗವನ್ನೂ ದಾಟಿಸುತ್ತೆ.

ಎರಡು, ಉಣ್ಣೆ ದಾಟಿಸುವ ರಕ್ತದ ಪರಾವಲಂಬಿಗಳು. ಬರಿಗಣ್ಣಿಗೆ ಕಾಣದ ಒಂದೇ ಕೋಶದ ಜೀವಿಗಳು. ಬಬೇಸಿಯಾ ಕೆಂಪು ರಕ್ತಕಣದೊಳಗೆ ಸೇರಿ ಅದನ್ನು ಒಡೆಯುತ್ತೆ, ದನದ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತೆ. ಥೈಲೇರಿಯಾ ಮೊದಲು ಬಿಳಿ ರಕ್ತಕಣಕ್ಕೆ, ಆಮೇಲೆ ಕೆಂಪು ಕಣಕ್ಕೆ ನುಗ್ಗುತ್ತೆ. ವಿಪರೀತ ಜ್ವರ, ಊದಿದ ಗಂಟುಗಳು, ರಕ್ತಹೀನತೆ ಇದರ ಲಕ್ಷಣ.

ಮೂರು, ಹೊಟ್ಟೆಯೊಳಗಿನ ಹುಳಗಳು. ಜಠರ ಮತ್ತು ಕರುಳಿನ ದುಂಡುಹುಳು, ಲಾಡಿಹುಳು, ಲಿವರ್‌ನಲ್ಲಿ ಸೇರುವ ಎಲೆಯಂಥ ಚಪ್ಪಟೆ ಹುಳ. ಈ ಚಪ್ಪಟೆ ಹುಳದ ಬಾಲ್ಯ ಕೆರೆ, ಗದ್ದೆಯ ಬಸವನಹುಳುವಿನೊಳಗೆ ಕಳೆಯುತ್ತೆ. ಅದಕ್ಕೇ ಕೆರೆ ಅಂಗಳದ ಹುಲ್ಲು ಮೇಯ್ದ ದನ ಸೊರಗುತ್ತೆ, ಗದ್ದದ ಕೆಳಗೆ ನೀರು ತುಂಬಿದ ಊತ ಬರುತ್ತೆ.

ನಾಲ್ಕು, ಗಾಯದ ಹುಳ. ನೊಣ ಗಾಯದಲ್ಲಿ ಮೊಟ್ಟೆ ಇಟ್ಟು, ಮರಿಗಳು ಮಾಂಸ ತಿನ್ನುವುದು. ‘ಗಾಯಕ್ಕೆ ಹುಳ ಬಿದ್ದಿದೆ’ ಅಂತ ಊರಲ್ಲಿ ಹೇಳೋದು ಇದನ್ನೇ.

ಇವುಗಳಲ್ಲಿ ಹೆಚ್ಚಿನವು ದನವನ್ನು ಒಂದೇ ಏಟಿಗೆ ಕೊಲ್ಲಲ್ಲ. ತೂಕ ಏರಲ್ಲ, ಕರು ನಿಲ್ಲಲ್ಲ, ಹಾಲು ಇಳಿಯುತ್ತೆ. ನಷ್ಟ ಕಣ್ಣಿಗೆ ಕಾಣದ ಹಾಗೆ ಆಗುತ್ತೆ. ಕಾಣದ ನಷ್ಟಕ್ಕೆ ಯಾವ ಸರ್ಕಾರವೂ ಪರಿಹಾರ ಘೋಷಿಸಲ್ಲ.

ಟೆಕ್ಸಾಸ್ ಜ್ವರ: ಆರೋಗ್ಯವಾಗಿದ್ದ ದನ, ಸಾಯುತ್ತಿದ್ದ ನೆರೆಮನೆ ದನ

19ನೇ ಶತಮಾನದ ಅಮೆರಿಕದಲ್ಲಿ ಟೆಕ್ಸಾಸ್‌ನಿಂದ ಉತ್ತರದ ಮಾರುಕಟ್ಟೆಗಳಿಗೆ ದನದ ಮಂದೆಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ಟೆಕ್ಸಾಸ್ ದನಗಳು ಗಟ್ಟಿಮುಟ್ಟಾಗಿಯೇ ಇದ್ದವು. ಆದರೆ ಅವು ಹಾದುಹೋದ ಹುಲ್ಲುಗಾವಲಲ್ಲಿ ಕೆಲವು ವಾರಗಳ ನಂತರ ಮೇಯ್ದ ಸ್ಥಳೀಯ ದನಗಳು ಸಾಲುಸಾಲಾಗಿ ಸಾಯುತ್ತಿದ್ದವು. ಉತ್ತರದ ರೈತರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. 1885ರಲ್ಲಿ ಕಾನ್ಸಾಸ್ ರಾಜ್ಯ ಟೆಕ್ಸಾಸ್ ದನಗಳಿಗೆ ಬಾಗಿಲು ಮುಚ್ಚಿತು.

ಒಗಟು ಬಿಡಿಸಿದ್ದು ಸರ್ಕಾರಿ ಸಂಬಳದ ವಿಜ್ಞಾನಿಗಳು. ಅಮೆರಿಕದ ಕೃಷಿ ಇಲಾಖೆಯ ಪ್ರಾಣಿ ಉದ್ಯಮ ವಿಭಾಗದಲ್ಲಿದ್ದ ಥಿಯೊಬಾಲ್ಡ್ ಸ್ಮಿತ್ ಮತ್ತು ಎಫ್.ಎಲ್. ಕಿಲ್‌ಬೋರ್ನ್ ಕೆಲವು ದನಗಳ ಮೈಯಿಂದ ಉಣ್ಣೆಗಳನ್ನು ಕೈಯಲ್ಲೇ ಕಿತ್ತು ತೆಗೆದರು, ಕೆಲವನ್ನು ಹಾಗೇ ಬಿಟ್ಟರು. ಉಣ್ಣೆ ಇದ್ದಲ್ಲಿ ಮಾತ್ರ ರೋಗ ಹರಡಿತು. ತಾಯಿ ಉಣ್ಣೆಯ ಮೊಟ್ಟೆಯ ಮೂಲಕವೇ ಮರಿಗಳಿಗೆ ರೋಗಾಣು ದಾಟುತ್ತೆ ಅನ್ನೋದೂ ಗೊತ್ತಾಯಿತು. 1893ರಲ್ಲಿ ಅವರ ವರದಿ ಬಂತು. ರೊನಾಲ್ಡ್ ರಾಸ್ ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ. ಅಂದರೆ ದನದ ಉಣ್ಣೆಯ ಪಾಠ ಮನುಷ್ಯನ ಮಲೇರಿಯಾಕ್ಕಿಂತ ನಾಲ್ಕು ವರ್ಷ ಮೊದಲೇ ಬಂದಿತ್ತು.

ಟೆಕ್ಸಾಸ್ ದನ ಯಾಕೆ ಸಾಯ್ತಿರಲಿಲ್ಲ? ಉಣ್ಣೆ ಇರುವ ಪ್ರದೇಶದಲ್ಲಿ ಹುಟ್ಟಿದ ಕರುವಿಗೆ ಎಳೆತನದಲ್ಲೇ ಬಬೇಸಿಯಾ ತಗಲುತ್ತೆ. ಆ ವಯಸ್ಸಲ್ಲಿ ರೋಗ ಜೋರಾಗಿರಲ್ಲ, ಕರು ತಡೆದುಕೊಂಡು ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತೆ. ಉಣ್ಣೆಯೇ ನೋಡದ ದೊಡ್ಡ ದನಕ್ಕೆ ಮೊದಲ ಸಲ ತಗಲಿದರೆ ಸಾವು. ಬೇರೆ ಕಡೆಯಿಂದ ದನ ಕೊಂಡು ತರುವ ಯಾರೇ ಆದರೂ ನೆನಪಿಡಬೇಕಾದ ವಿಷಯ ಇದು.

ತೊಟ್ಟಿಗೆ ಡೈನಮೈಟ್ ಇಟ್ಟ ಬಡ ರೈತರು

1906ರಲ್ಲಿ ಅಮೆರಿಕ ಸರ್ಕಾರ ಉಣ್ಣೆ ನಿರ್ಮೂಲನೆಗೆ ಇಳಿಯಿತು. ಉಪಾಯ ಸರಳ. ಈ ಜಾತಿಯ ಉಣ್ಣೆ ಮರಿಯಾಗಿ ಹತ್ತಿದ ದನದ ಮೇಲೆಯೇ ಸುಮಾರು ಮೂರು ವಾರ ಕಳೆದು, ರಕ್ತ ಕುಡಿದು ದಪ್ಪಗಾಗಿ ಕೆಳಗೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತೆ. ಎರಡು ವಾರಕ್ಕೊಮ್ಮೆ ದನವನ್ನು ಆರ್ಸೆನಿಕ್ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ದಾಟಿಸಿದರೆ, ಕೆಳಗೆ ಬೀಳುವ ಮೊದಲೇ ಉಣ್ಣೆ ಸಾಯುತ್ತೆ. ಆದರೆ ಊರಿನ ಪ್ರತಿ ದನವೂ ಬರಬೇಕು. ಒಬ್ಬ ತಪ್ಪಿಸಿಕೊಂಡರೂ ಅವನ ದನದಿಂದ ಮತ್ತೆ ಶುರು.

ಇಲ್ಲೇ ರಾಜಕೀಯ ಬಂದದ್ದು. ನೂರಾರು ದನ ಇದ್ದ ದೊಡ್ಡ ಮಾಲೀಕರಿಗೆ ಇದು ಲಾಭದ ಬಾಬತ್ತು. ಉಣ್ಣೆ ಹೋದರೆ ಉತ್ತರದ ಮಾರುಕಟ್ಟೆ ಪೂರ್ತಿ ತೆರೆಯುತ್ತೆ, ಒಳ್ಳೆ ಬೆಲೆ ಸಿಗುತ್ತೆ. ಮೂರು ನಾಲ್ಕು ದನ ಇಟ್ಟುಕೊಂಡು ಕಾಡಲ್ಲಿ ಮೇಯಿಸುತ್ತಿದ್ದ ಸಣ್ಣ ರೈತನಿಗೆ? ಅವನ ದನ ಹೇಗೂ ರೋಗಕ್ಕೆ ಒಗ್ಗಿತ್ತು, ಅವನು ಉತ್ತರಕ್ಕೆ ಮಾರುತ್ತಲೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಎರಡು ವಾರಕ್ಕೊಮ್ಮೆ ಕೂಲಿ ಬಿಟ್ಟು ದನ ಹುಡುಕಿ ತೊಟ್ಟಿಗೆ ಹೊಡೆದುಕೊಂಡು ಹೋಗುವ ಕೆಲಸ, ತಪ್ಪಿದರೆ ದಂಡ. ದಕ್ಷಿಣದ ಹಲವು ಕಡೆ ರಾತ್ರೋರಾತ್ರಿ ತೊಟ್ಟಿಗಳನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಗುಂಡಿನ ಕಾಳಗ ನಡೆದು ಸಾವುಗಳೂ ಆದವು. ಫ್ಲೋರಿಡಾದಲ್ಲಿ ಉಣ್ಣೆಗೆ ಆಸರೆ ಕೊಡುತ್ತವೆ ಅಂತ ಸಾವಿರಾರು ಜಿಂಕೆಗಳನ್ನು ಕೊಂದರು.

ನನಗೆ ಈ ರೈತರನ್ನು ‘ವಿಜ್ಞಾನ ವಿರೋಧಿಗಳು’ ಅಂತ ತಳ್ಳಿಹಾಕಲು ಮನಸ್ಸು ಬರಲ್ಲ. ಕಾರ್ಯಕ್ರಮದ ಗುರಿ ಸರಿಯಾಗಿತ್ತು. ಲಾಭ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ ಅನ್ನುವ ಲೆಕ್ಕ ತಪ್ಪಾಗಿತ್ತು.

1943ರ ಹೊತ್ತಿಗೆ ಉಣ್ಣೆ ಅಮೆರಿಕದ ಬಹುಪಾಲು ನೆಲದಿಂದ ಹೋಯ್ತು. ಉಳಿದದ್ದು ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿ ದಂಡೆಯ ಕಾಯಂ ಕಾವಲು ಪಟ್ಟಿ. ಇವತ್ತಿಗೂ ಸರ್ಕಾರಿ ನೌಕರರು ಕುದುರೆ ಏರಿ ಆ ದಂಡೆಯಲ್ಲಿ ಗಸ್ತು ತಿರುಗುತ್ತಾರೆ, ನದಿ ದಾಟಿ ಬಂದ ದನಗಳನ್ನು ಹಿಡಿಯುತ್ತಾರೆ. ನಿರ್ಮೂಲನೆ ಅಂದರೆ ಮುಗಿದ ಕೆಲಸ ಅಲ್ಲ, ಪ್ರತಿ ವರ್ಷದ ಸಂಬಳದ ಕೆಲಸ.

ಇಲ್ಲಿ ನಮ್ಮ ಕೃಷ್ಣಾ ತೀರ ಎಲ್ಲಿಂದ ಬಂತು?

ಈ ಉಣ್ಣೆಯ ಮೂಲ ಏಷ್ಯಾ. ದನಗಳ ಜೊತೆ ಹಡಗು ಹತ್ತಿ ಜಗತ್ತು ಸುತ್ತಿದೆ. ಅದನ್ನು ತಡೆದುಕೊಳ್ಳುವ ದನವೂ ಇಲ್ಲಿಯದೇ. ಸಾವಿರಾರು ವರ್ಷ ಉಣ್ಣೆ ಜೊತೆ ಬಾಳಿದ ನಮ್ಮ ಹಿಣಿಲಿನ ದನಗಳ ಮೈಮೇಲೆ, ಯುರೋಪಿನ ತಳಿಗಳಿಗೆ ಹೋಲಿಸಿದರೆ, ಉಣ್ಣೆ ಕಮ್ಮಿ ನಿಲ್ಲುತ್ತೆ. ಇದನ್ನು ಕಂಡುಕೊಂಡ ಅಮೆರಿಕದವರು ಭಾರತದ ಹೋರಿಗಳನ್ನು ತರಿಸಿ ‘ಬ್ರಾಹ್ಮನ್’ ಅನ್ನುವ ಮಾಂಸದ ತಳಿ ಕಟ್ಟಿದರು. ಅದರ ಮೂಲದಲ್ಲಿರುವ ನಾಲ್ಕು ತಳಿಗಳು ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲ್ ಮತ್ತು ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ವ್ಯಾಲಿ. ಬ್ರೆಜಿಲ್‌ನ ಮಾಂಸದ ದನಗಳಲ್ಲಿ ಬಹುಪಾಲು ಒಂಗೋಲ್ ವಂಶದ ‘ನೆಲೋರ್’. ಆಸ್ಟ್ರೇಲಿಯಾದ ಉತ್ತರ ಭಾಗದ ಹಿಂಡುಗಳೂ ಹಿಣಿಲಿನ ದನದ ರಕ್ತದಿಂದಲೇ ನಿಂತಿವೆ.

ಇನ್ನೊಂದು ತಮಾಷೆ ನೋಡಿ. ಬೇಟೆಗೂ ಶೋಕಿಗೂ ಅಂತ ದಕ್ಷಿಣ ಟೆಕ್ಸಾಸ್‌ಗೆ ಒಯ್ದು ಬಿಟ್ಟ ನಮ್ಮ ನೀಲಗಾಯ್‌ಗಳು ಅಲ್ಲಿ ಬೆಳೆದು, ಈಗ ಅದೇ ಉಣ್ಣೆಯನ್ನು ಬೇಲಿ ದಾಟಿಸುತ್ತಿವೆ. ದನವನ್ನಾದರೆ ತೊಟ್ಟಿಗೆ ಇಳಿಸಬಹುದು, ನೀಲಗಾಯನ್ನು ಹೇಗೆ ಇಳಿಸ್ತೀರಿ?

ಅತ್ತ ಕೃಷ್ಣಾ ವ್ಯಾಲಿ ತಳಿ ತನ್ನ ನೆಲವಾದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅಪರೂಪವಾಗಿದೆ. ಇದನ್ನು ‘ದೇಸಿ ಹಸುವಿನ ಮಹಿಮೆ’ ಅಂತ ಓದಬೇಡಿ. ತಲೆಮಾರುಗಳ ಕಾಲ ಉಣ್ಣೆ ನಡುವೆ ಬದುಕುಳಿದ ದನಗಳು ಮರಿ ಹಾಕಿದ್ದರಿಂದ ಬಂದ ಗುಣ ಅದು, ಅಷ್ಟೇ. ದೇಸಿ ದನಕ್ಕೂ ಉಣ್ಣೆ ಹತ್ತುತ್ತೆ, ಜಂತುಹುಳು ಆಗುತ್ತೆ. ಹಾಲಿನ ದುಡ್ಡಲ್ಲೇ ಮನೆ ನಡೆಸುವವರು ಮಿಶ್ರತಳಿ ಕಟ್ಟಿದ್ದರಲ್ಲಿ ತಪ್ಪೂ ಇಲ್ಲ.

ಬಂಜೆ ನೊಣಗಳ ಗೋಡೆ

ಸಾರ್ವಜನಿಕ ದುಡ್ಡು ಏನು ಮಾಡಬಲ್ಲದು ಅನ್ನೋದಕ್ಕೆ ಸ್ಕ್ರೂವರ್ಮ್ ಕತೆಗಿಂತ ಒಳ್ಳೆ ಉದಾಹರಣೆ ಇಲ್ಲ. ಅಮೆರಿಕ ಖಂಡಗಳ ಈ ನೊಣ ದನದ ಸಣ್ಣ ಗೀರಿನಲ್ಲೂ, ಹೊಸ ಕರುವಿನ ಹೊಕ್ಕುಳಲ್ಲೂ ಮೊಟ್ಟೆ ಇಡುತ್ತೆ. ಮರಿಹುಳಗಳು ಜೀವಂತ ಮಾಂಸ ತಿನ್ನುತ್ತಾ ಒಳಗೆ ಕೊರೆಯುತ್ತವೆ. ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಎಂಬ ಕೃಷಿ ಇಲಾಖೆಯ ವಿಜ್ಞಾನಿಗಳು ಒಂದು ಸಂಗತಿಯನ್ನು ಹಿಡಿದುಕೊಂಡರು: ಹೆಣ್ಣು ನೊಣ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ ಕೂಡುತ್ತೆ. ಹಾಗಾದರೆ ವಿಕಿರಣ ಕೊಟ್ಟು ಬಂಜೆ ಮಾಡಿದ ಗಂಡು ನೊಣಗಳನ್ನು ಕೋಟಿಗಟ್ಟಲೆ ಬಿಟ್ಟರೆ? ಮೊಟ್ಟೆ ಒಡೆಯಲ್ಲ, ಸಂತತಿ ಮುಗಿಯುತ್ತೆ.

1954ರಲ್ಲಿ ಕುರಾಸಾವ್ ದ್ವೀಪದಲ್ಲಿ ಇದು ಗೆದ್ದಿತು. ಅಮೆರಿಕ 1966ರಲ್ಲಿ, ಮೆಕ್ಸಿಕೊ 1991ರಲ್ಲಿ ಮುಕ್ತ ಅಂತ ಘೋಷಿಸಿಕೊಂಡವು. ಮುಂದೆ ಮಧ್ಯ ಅಮೆರಿಕದ ದೇಶಗಳನ್ನೂ ದಾಟಿ ಪನಾಮಾದವರೆಗೆ ನೊಣವನ್ನು ಹಿಂದೆ ತಳ್ಳಿದರು. ಪನಾಮಾದಲ್ಲಿ ಎರಡು ದೇಶಗಳು ಸೇರಿ ನಡೆಸುವ ಕಾರ್ಖಾನೆ ಪ್ರತಿ ವಾರ ಬಂಜೆ ನೊಣ ಬೆಳೆಸಿ ವಿಮಾನದಿಂದ ಉದುರಿಸುತ್ತೆ. ಕಾಣದ ಗೋಡೆ ಅದು.

2023ರಲ್ಲಿ ಆ ಗೋಡೆ ಸಡಿಲವಾಯಿತು. ಪನಾಮಾದಲ್ಲಿ ಪ್ರಕರಣಗಳು ದಿಢೀರ್ ಏರಿದವು, ನೊಣ ಉತ್ತರಕ್ಕೆ ಹರಡುತ್ತಾ 2024ರ ನವೆಂಬರ್‌ನಲ್ಲಿ ಮೆಕ್ಸಿಕೊ ತಲುಪಿತು. ಅಮೆರಿಕ ಮೆಕ್ಸಿಕೊದ ಜೀವಂತ ದನಗಳ ಆಮದು ನಿಲ್ಲಿಸಿತು. ಹದ್ದುಬಸ್ತಿಲ್ಲದ ದನ ಸಾಗಾಟವೂ ನೊಣ ದಾಟಿಸಿದ ದಾರಿಗಳಲ್ಲಿ ಒಂದು. ನೊಣದ ಹುಳ ಗಾಯಗೊಂಡ ದನದ ಜೊತೆ ಲಾರಿಯಲ್ಲೂ ಹೋಗುತ್ತೆ.

ಒಂದು ಇಂಜೆಕ್ಷನ್‌ಗೆ ಎಲ್ಲ ಹುಳ ಸಾಯುತ್ತಾ?

ಸಾಯ್ತಿತ್ತು, ಹೆಚ್ಚುಕಮ್ಮಿ. 1981ರಲ್ಲಿ ಮಾರುಕಟ್ಟೆಗೆ ಬಂದ ಐವರ್‌ಮೆಕ್ಟಿನ್ ದುಂಡುಹುಳುವಿನಿಂದ ಹಿಡಿದು ಕಜ್ಜಿ ನುಸಿಯವರೆಗೆ ಕೆಲಸ ಮಾಡಿತು. ಕೋವಿಡ್ ಕಾಲದಲ್ಲಿ ವಾಟ್ಸಾಪ್‌ನಲ್ಲಿ ಓಡಾಡಿದ ಅದೇ ಔಷಧಿ. ಇದರ ಹಿಂದಿದ್ದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಅಗ್ಗ ಮತ್ತು ಸುಲಭ ಆದದ್ದೇ ತಡ, ಮಾಂಸದ ಹಿಂಡುಗಳಿಗೆ ಬೇಕೋ ಬೇಡವೋ ಕ್ಯಾಲೆಂಡರ್ ನೋಡಿ ಚುಚ್ಚಿದರು. ಪ್ರತಿ ಸಲ ಬದುಕುಳಿದದ್ದು ಔಷಧಿಗೆ ಬಗ್ಗದ ಹುಳ. ಅದರ ಸಂತತಿ ಬೆಳೆಯಿತು. ಇವತ್ತು ಹಲವು ದೇಶಗಳ ಮಾಂಸದ ಹಿಂಡುಗಳಲ್ಲಿ ಐವರ್‌ಮೆಕ್ಟಿನ್‌ಗೆ ಬಗ್ಗದ ದುಂಡುಹುಳುಗಳಿವೆ. ಉಣ್ಣೆಗಳೂ ಒಂದಾದ ಮೇಲೊಂದು ಔಷಧಿಯನ್ನು ಜೀರ್ಣಿಸಿಕೊಂಡಿವೆ. ಸಗಣಿಯಲ್ಲಿ ಉಳಿಯುವ ಐವರ್‌ಮೆಕ್ಟಿನ್ ಸಗಣಿ ಹುಳಗಳನ್ನೂ ಕೊಲ್ಲುತ್ತೆ. ಸಗಣಿಯನ್ನು ಮಣ್ಣಿಗೆ ಸೇರಿಸುವುದೇ ಆ ಹುಳಗಳು.

ಅದಕ್ಕೇ ಈಗಿನ ಸಲಹೆ ಬೇರೆ. ಮೊದಲು ಸಗಣಿ ಪರೀಕ್ಷೆ ಮಾಡಿಸಿ, ಮೊಟ್ಟೆ ಎಣಿಸಿ, ಬೇಕಾದ ದನಕ್ಕೆ ಮಾತ್ರ, ತೂಕಕ್ಕೆ ಸರಿಯಾದ ಪ್ರಮಾಣದಲ್ಲಿ ಕೊಡಿ. ಹಿಂಡಿನ ಕೆಲವನ್ನು ಔಷಧಿ ಇಲ್ಲದೇ ಬಿಡಿ, ಔಷಧಿಗೆ ಬಗ್ಗುವ ಹುಳದ ಸಂತತಿ ಉಳಿದುಕೊಳ್ಳಲಿ. ಮೇಯಿಸುವ ಜಾಗ ಬದಲಿಸಿ. ಔಷಧಿಯೊಂದನ್ನೇ ನಂಬದ ದಾರಿಗಳೂ ಇವೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾ ಮತ್ತು ಕ್ಯೂಬಾ ಉಣ್ಣೆಯ ಕರುಳಿಗೇ ಹಾನಿ ಮಾಡುವ ಲಸಿಕೆ ತಯಾರಿಸಿದವು. ದನಕ್ಕೆ ಲಸಿಕೆ ಕೊಟ್ಟರೆ ಅದರ ರಕ್ತ ಕುಡಿದ ಉಣ್ಣೆ ಸೊರಗುತ್ತೆ.

ತಿನ್ನುವವರಿಗೆ ಅಪಾಯ ಇದೆಯಾ?

ಈ ಪ್ರಶ್ನೆ ನಮ್ಮಲ್ಲಿ ಕಾಳಜಿಗಿಂತ ಹೆಚ್ಚಾಗಿ ದ್ವೇಷಕ್ಕೆ ಬಳಕೆಯಾಗುತ್ತೆ, ಹಾಗಾಗಿ ನೇರವಾಗಿ ಹೇಳ್ತೀನಿ. ದನದ ಮಾಂಸದಿಂದ ಬರುವ ಲಾಡಿಹುಳು ಇದೆ. ಸರಿಯಾಗಿ ಬೇಯಿಸದೆ ತಿಂದರೆ ಮನುಷ್ಯನ ಕರುಳಲ್ಲಿ ಬೆಳೆಯುತ್ತೆ, ಮಾತ್ರೆಗೆ ವಾಸಿಯಾಗುತ್ತೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತೆ. ಮಿದುಳಿಗೆ ಸೇರಿ ಫಿಟ್ಸ್ ತರುವುದು ಇದಲ್ಲ, ಹಂದಿಯ ಲಾಡಿಹುಳು. ಅದು ಮಿದುಳಿಗೆ ಹೋಗುವುದೂ ಮಾಂಸ ತಿಂದದ್ದರಿಂದ ಅಲ್ಲ, ಆ ಹುಳದ ಮೊಟ್ಟೆ ಇರುವ ಮನುಷ್ಯರ ಮಲ ಸೇರಿದ ನೀರು, ತರಕಾರಿ, ಕೈಗಳಿಂದ. ಅದಕ್ಕೇ ಶುದ್ಧ ಸಸ್ಯಾಹಾರಿಗಳಿಗೂ ಬರುತ್ತೆ. ದನಕ್ಕೆ ಲಾಡಿಹುಳು ತಗಲುವುದೂ ಮನುಷ್ಯರ ಮಲ ಬಿದ್ದ ಹುಲ್ಲಿನಿಂದಲೇ. ಎರಡೂ ಕಡೆ ಮೂಲ ಪ್ರಶ್ನೆ ಶೌಚಾಲಯದ್ದು.

ಕಾನೂನುಬದ್ಧ ಕಸಾಯಿಖಾನೆಯಲ್ಲಿ ಪಶುವೈದ್ಯರು ಪ್ರತಿ ದನದ ಲಿವರ್, ನಾಲಿಗೆ, ಹೃದಯ ಕೊಯ್ದು ಪರೀಕ್ಷಿಸುತ್ತಾರೆ. ಚಪ್ಪಟೆ ಹುಳ ಯಾವ ಸೀಮೆಯಲ್ಲಿ ಹೆಚ್ಚಿದೆ ಅನ್ನುವ ಮಾಹಿತಿ ಮಾಂಸದ ಉದ್ಯಮ ಇರುವ ದೇಶಗಳಿಗೆ ಅಲ್ಲಿಂದಲೂ ಸಿಗುತ್ತೆ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ ಇಟ್ಟಿತು. 3ರಿಂದ 7 ವರ್ಷ ಜೈಲು. 1964ರ ಹಳೆ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತುಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. ಕದ್ದುಮುಚ್ಚಿ ನಡೆಯುವ ವಧೆಯಲ್ಲಿ ವೈದ್ಯರ ಚಾಕು ಇರಲ್ಲ, ಪರೀಕ್ಷೆಯೂ ಇರಲ್ಲ. ಮಾರಲಾಗದ ಮುದಿ ದನವನ್ನು ಬೀದಿಗೆ ಬಿಟ್ಟರೆ ಅದರ ಮೈಯ ಉಣ್ಣೆಗೆ ಯಾರೂ ಔಷಧಿ ಹಚ್ಚಲ್ಲ.

ಹಾಗಾದರೆ ನಾವು ಏನು ಕೇಳಬೇಕು?

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳಿವೆ. ಅದರಲ್ಲಿ ಸುಮಾರು 5 ಕೋಟಿ ವಿದೇಶಿ ಮತ್ತು ಮಿಶ್ರತಳಿ. 2012ರ ಗಣತಿಗೆ ಹೋಲಿಸಿದರೆ ಇವು ಕಾಲು ಭಾಗಕ್ಕಿಂತ ಹೆಚ್ಚು ಏರಿವೆ, ದೇಸಿ ದನ ಇಳಿದಿವೆ. ಅಂದರೆ ಉಣ್ಣೆಯನ್ನು ತಡೆಯಲಾರದ ದನಗಳು ಉಣ್ಣೆಯ ತವರಲ್ಲೇ ಹೆಚ್ಚುತ್ತಿವೆ. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲಾಗೆ 2019ರಿಂದ ಕೇಂದ್ರದ ದುಡ್ಡಲ್ಲಿ ದೇಶವ್ಯಾಪಿ ಲಸಿಕೆ ಕಾರ್ಯಕ್ರಮ ಇದೆ, ಒಳ್ಳೆಯದು. ಆ ಕಾರ್ಯಕ್ರಮದಲ್ಲಿ ಉಣ್ಣೆ ರೋಗ ಇಲ್ಲ. ಮಲೆನಾಡಲ್ಲಿ ಇದು ಮನುಷ್ಯರ ಪ್ರಾಣದ ಪ್ರಶ್ನೆಯೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಾದ ಮಂಗನ ಕಾಯಿಲೆ ವೈರಸ್‌ನದು, ಹರಡುವುದು ಉಣುಗು. ಕಾಡಿಗೆ ಮೇಯಲು ಹೋಗುವ ದನ ಆ ಉಣುಗಿಗೆ ಊಟ ಹಾಕುತ್ತೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಶು ಆಸ್ಪತ್ರೆಯಲ್ಲಿ, 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ವಾಹನದಲ್ಲೂ, ಒಂದು ಸೂಕ್ಷ್ಮದರ್ಶಕ, ಬಣ್ಣದ ಬಾಟಲಿ, ಗಾಜಿನ ತುಂಡು ಇರಲಿ. ಥೈಲೇರಿಯಾ ಗುರುತಿಸಲು ಒಂದು ಹನಿ ರಕ್ತ ಸಾಕು. ಅದಕ್ಕೆ ಬೇಕಾದ ಬ್ಯುಪಾರ್ವಾಕ್ವೋನ್ ಇಂಜೆಕ್ಷನ್ ಸರ್ಕಾರಿ ದಾಸ್ತಾನಿನಲ್ಲಿರಲಿ, ಬಡವರಿಗೆ ಅದು ದುಬಾರಿ. ಥೈಲೇರಿಯಾಗೆ ಲಸಿಕೆ ಇದೆ, ಆದರೆ ದ್ರವ ಸಾರಜನಕದಲ್ಲಿ ಇಡಬೇಕು. ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳೂ ಅದೇ ಸಾರಜನಕದ ಕ್ಯಾನುಗಳಲ್ಲಿ ಹಳ್ಳಿಹಳ್ಳಿಗೆ ತಲುಪುತ್ತಿವೆ. ಮಿಶ್ರತಳಿಯ ವೀರ್ಯ ತಲುಪಿಸಲು ಆಗುವ ವ್ಯವಸ್ಥೆಗೆ ಆ ಮಿಶ್ರತಳಿಯನ್ನು ಉಳಿಸುವ ಲಸಿಕೆ ತಲುಪಿಸಲು ಯಾಕಾಗಲ್ಲ?

ಮತ್ತೊಂದು: ಊರಿಗೆ ಊರೇ ಒಟ್ಟಿಗೆ ಉಣ್ಣೆ ಔಷಧಿ ಸಿಂಪಡಿಸುವ ದಿನ ಬೇಕು. ಅದರ ಖರ್ಚು ಸರ್ಕಾರದ್ದಿರಬೇಕು, ಆ ದಿನದ ಕೂಲಿಯೂ ಸೇರಿ. ತೊಟ್ಟಿಗೆ ಡೈನಮೈಟ್ ಇಟ್ಟವರ ಕತೆ ಕಲಿಸೋದು ಇದನ್ನೇ.

ಅಮ್ಮ ಈಗ ಮತ್ತೊಂದು ಮಿಶ್ರತಳಿ ಕಡಸು ತಂದಿದ್ದಾರೆ. ದಿನಾ ಸಂಜೆ ಅದರ ಕಿವಿ ಸಂದು, ಕೆಚ್ಚಲ ಸಂದು ನೋಡಿ, ಸಿಕ್ಕ ಉಣ್ಣೆಗಳನ್ನು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಾರೆ. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಹಾಗೆ ನೋಡುವವರಿಲ್ಲ, ಅವರೆಲ್ಲ ಬೆಳಗಾದರೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ಮರುದಿನ ಸಂಜೆ ಅಮ್ಮನ ಡಬ್ಬಿಗೆ ಮತ್ತಷ್ಟು ಉಣ್ಣೆ ಬೀಳುತ್ತವೆ.